ಮನೆಯ ಮೇಜಿನಲ್ಲಿ ರೈಫಲ್ ಸ್ವಚ್ಛತೆಯ ಸಾಮಾನು: ಗೋಡೆಗೆ ತೂಗುಹಾಕೋದಾ, ಮುಚ್ಚಿಡೋದಾ?

ಕೌಲ್‌ಬಜಾರ್ 177 (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು ಒಂದು 10 ಮೀಟರ್ ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯ) ಏರ್ ರೈಫಲ್ (.177), ಲೈಸೆನ್ಸಿನ ಒಂದು .22 ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳೆದು ಗುಂಡು ತುಂಬುವ) ರೈಫಲ್; .177, .22 ಎಂದರೆ ಇಂಚಿನಲ್ಲಿ ನಳಿಗೆಯ ಅಳತೆ. ಎರಡಕ್ಕೂ ಒಂದೇ ಮೇಜು. 4 ಅಡಿ ಉದ್ದ, 2 ಅಡಿ ಅಗಲ, ಮೇಲೆ ಕಡಪ ಕಲ್ಲು, ಕಿಟಕಿ ಬೀದಿ ಕಡೆಗೆ. ಎಲ್ಲ ಅಳತೆಗೂ ಆಗುತ್ತದೆ ಎನ್ನುವ ಡಬ್ಬಿ ಕಿಟ್ ಒಂದನ್ನು ಕೊಂಡು, ಅದರ ಮೂರು ತುಂಡಿನ ಹಿತ್ತಾಳೆ ರಾಡು, ಬ್ರಷ್ಷುಗಳನ್ನೆಲ್ಲ ಗೋಡೆಗೆ ತೂತಿನ ಬೋರ್ಡ್ ಹೊಡೆದು ತೂಗುಹಾಕುವ ಯೋಚನೆ. ಸರಿ ಇಲ್ಲದಿದ್ದರೆ ದುಡ್ಡು ಕೊಡುವ ಮೊದಲೇ ಹೇಳಿ.

ಲೇತ್ ಮೇಸ್ತ್ರಿ (ತೋರಣಗಲ್ಲು)
ಮೂರು ತುಂಡಿನ ರಾಡ್ ಬೇಡ ಸರ್. ತುಂಡು ಸೇರುವ ಜಾಗದಲ್ಲಿ ಕೂದಲೆಳೆಯಷ್ಟಾದರೂ ಅಂಚು ಉಳಿಯುತ್ತದೆ, ತಳ್ಳುವಾಗ ರಾಡ್ ಬಾಗಿದರೆ ಆ ಅಂಚೇ ರೈಫ್ಲಿಂಗ್, ಅಂದರೆ ನಳಿಗೆಯೊಳಗೆ ತಿರುವಾಗಿ ಕೊರೆದ ಗೆರೆಗಳ ತಲೆ ಸವರುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಮೆದು ಲೋಹ, ಧೂಳಿನ ಕಣ ಅದರಲ್ಲಿ ಹೂತು ಕೂತುಬಿಡುತ್ತದೆ. ಆಮೇಲೆ ಅದು ರಾಡಲ್ಲ, ಅರ ಆದಹಾಗೆ. ಒಂದೇ ತುಂಡಿನ ಕಾರ್ಬನ್ ಫೈಬರ್ ಅಥವಾ ನೈಲಾನ್ ಲೇಪದ ಸ್ಟೀಲ್ ರಾಡ್ ತಗೊಳ್ಳಿ. ಹಿಡಿಯಲ್ಲಿ ಬೇರಿಂಗ್ ಇರಲೇಬೇಕು. ರೈಫ್ಲಿಂಗ್ ತಿರುವಿನ ಜೊತೆ ರಾಡ್ ತಾನೇ ತಿರುಗಬೇಕು. ತಿರುಗದಿದ್ದರೆ ಬ್ರಷ್ ಗೆರೆಗಳನ್ನು ಹಾರಿ ಹೋಗುತ್ತದೆ, ಇಲ್ಲವೇ ಥ್ರೆಡ್ ಸಡಿಲವಾಗಿ ಬ್ರಷ್ ನಳಿಗೆಯಲ್ಲೇ ಉಳಿಯುತ್ತದೆ.

ಉದ್ದ ಹೀಗೆ ಲೆಕ್ಕ ಹಾಕಿ: ನಳಿಗೆ, ಅದರ ಹಿಂದಿನ ಆಕ್ಷನ್ (ಬೋಲ್ಟ್ ಕೂರುವ ಭಾಗ), ಮೇಲೆ ನಾಲ್ಕು ಬೆರಳು. .22ರ 26 ಇಂಚಿನ ನಳಿಗೆಗೆ 36 ಇಂಚಿನ ರಾಡ್ ಸಾಕು. ಕೊಳ್ಳುವಾಗ ಥ್ರೆಡ್ (ತಿರುಪಿನ ಅಳತೆ: ಮೊದಲ ಅಂಕಿ ದಪ್ಪದ ನಂಬರು, ಎರಡನೆಯದು ಇಂಚಿಗೆ ಎಷ್ಟು ಸುತ್ತು) ಕೇಳಲೇಬೇಕು. .22 ಮತ್ತು ಮೇಲಿನ ಅಳತೆಯ ಅಮೆರಿಕನ್ ಸಾಮಾನು ಹೆಚ್ಚಾಗಿ 8-32, ಕೆಲವು ರಾಡ್ 8-36. ನೋಡಲು ಒಂದೇ ಥರ, ಎರಡು ಸುತ್ತು ಕೂತು ಬಿಗಿಯಾಗುತ್ತದೆ, ಒತ್ತಿ ತಿರುಗಿಸಿದರೆ ಎರಡೂ ಹಾಳು. .17 ರಾಡ್‌ಗಳು 5-40, ಇಂಗ್ಲಿಷ್ ಹಳೆ ಮಾದರಿಯದ್ದು ಬೇರೆಯೇ. ರಾಡ್, ಜ್ಯಾಗ್ (ರಾಡಿನ ತುದಿಗೆ ಹಾಕುವ, ಬಟ್ಟೆ ಹಿಡಿಯುವ ಮೊನೆ), ಬ್ರಷ್ ಒಂದೇ ತಯಾರಕರದ್ದಾದರೆ ಈ ತಲೆನೋವಿಲ್ಲ.

ಸಂಡೂರು ರಸ್ತೆ
ಮೇಸ್ತ್ರಿಯವರು ರಾಡಿನ ಬಗ್ಗೆ ಹೇಳಿದ್ದಕ್ಕೆ ನನ್ನದು ಎರಡು ಮಾತಿಲ್ಲ. ಆದರೆ ತೂತಿನ ಬೋರ್ಡ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬೀದಿ ಕಡೆ ಕಿಟಕಿ ಇರುವ ಕೋಣೆಯಲ್ಲಿ ರಾಡನ್ನು ಬಯಲಿಗೆ ತೂಗುಹಾಕುವುದು ದೊಡ್ಡ ತಪ್ಪು. ಅದಿರಿನ ಲಾರಿ ಓಡಾಡುವ ದಾರಿಯ ಕೆಂಪು ಧೂಳು ಹೆಮಟೈಟ್. ಅದೇ ಕಬ್ಬಿಣದ ಕೆಂಪು ಆಕ್ಸೈಡಿನ ನುಣುಪು ಪುಡಿಯನ್ನು ಚಿನ್ನ, ಗಾಜು ಉಜ್ಜಿ ಹೊಳಪು ಕೊಡಲು ಬಳಸುತ್ತಾರೆ. ಅದರ ಜೊತೆ ರಸ್ತೆಯ ಮರಳಿನ ಕಣವೂ ಸೇರಿರುತ್ತದೆ, ಅದು ನಳಿಗೆಯ ಉಕ್ಕಿಗಿಂತ ಗಡಸು. ಎಣ್ಣೆ ಸವರಿದ ರಾಡಿನ ಮೇಲೆ ಒಂದು ರಾತ್ರಿಯಲ್ಲಿ ಪದರ ಕೂರುತ್ತದೆ. ಬೆಳಿಗ್ಗೆ ಅದನ್ನೇ ನಳಿಗೆಯೊಳಗೆ ತಳ್ಳಿದರೆ ಸ್ವಚ್ಛ ಮಾಡಿದ್ದಲ್ಲ, ಉಜ್ಜಿದ್ದು.

ರಾಯಚೂರು ಹತ್ತಿ
ಬೋರ್ಡ್ ಬ್ಯಾಡ ಅನ್ನೋದು ಅತೀ ಆತು ನೋಡ್ರಿ. ಕಣ್ಣಿಗೆ ಕಾಣೋ ಜಾಗದಾಗ ಸಾಮಾನು ಇದ್ರ ಯಾವುದು ಇಲ್ಲಂತ ತಟ್ಟನ ಗೊತ್ತಾಗ್ತದ. ಡ್ರಾ ಒಳಗ ತುಂಬಿದ್ರ .177ರ ಜ್ಯಾಗು .22ರ ಜೋಡಿ ಕಲಸಿಹೋಗ್ತದ. ರಾಡ್ ಒರೆಸಿ ಬಳಸ್ರಿ, ಅಷ್ಟ ಸಾಕು. ಪ್ರತಿ ಸಲ ಒಳಗ ಹೋಗೋ ಮುಂದ ಒಮ್ಮೆ, ಹೊರಗ ಬಂದ ಮ್ಯಾಲ ಒಮ್ಮೆ.

ಸಂಡೂರು ರಸ್ತೆ
ರಾಡ್ ಒರೆಸಬಹುದು ರೀ, ಬ್ರಷ್ ಹೇಗೆ ಒರೆಸುತ್ತೀರಿ? ಕಂಚಿನ ಎಳೆಗಳ ನಡುವೆ ಕೂತ ಧೂಳು ಬಟ್ಟೆಗೆ ಬರುವುದಿಲ್ಲ. ಸ್ಕ್ರೂ ಡ್ರೈವರ್, ಅಲೆನ್ ಕೀ, ಚಿಮಟ ಬೋರ್ಡಿನ ಮೇಲಿರಲಿ, ತಕರಾರಿಲ್ಲ. ನಳಿಗೆಯೊಳಗೆ ಹೋಗುವ ಯಾವುದೂ ಬಯಲಿನಲ್ಲಿ ಇರಬಾರದು. ನನ್ನ ಗೆರೆ ಅಷ್ಟೇ.

ಕೊಪ್ಪಳ ಬಡಿಗ್ಯಾ
ಇದಕ್ಕ ಸುಲಭ ದಾರಿ ಐತ್ರಿ. ಮುಕ್ಕಾಲು ಇಂಚಿನ ಪಿವಿಸಿ ಪೈಪು, ರಾಡಿಗಿಂತ ನಾಲ್ಕು ಬೆರಳು ಉದ್ದ ಕತ್ತರಿಸಿ, ಕೆಳಗ ಕ್ಯಾಪ್ ಅಂಟಿಸಿ, ಮ್ಯಾಲ ತೆಗೆಯೋ ಕ್ಯಾಪ್. ರಾಡಿನ ಹಿಡಿ ದಪ್ಪ ಇದ್ರ ಒಂದಿಂಚಿನ ಪೈಪು. ಗ್ವಾಡಿಗೆ ಎರಡು ಕ್ಲಾಂಪ್ ಹೊಡದು ನೆಟ್ಟಗ ನಿಲ್ಲಿಸ್ರಿ. .22ಕ್ಕ ಕೆಂಪು ಟೇಪು, .177ಕ್ಕ ಹಸಿರು. ಜ್ಯಾಗು, ಬ್ರಷ್ಷು ಮುಚ್ಚಳ ಇರೋ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗ, ಅದಕ್ಕೂ ಅದ ಬಣ್ಣದ ಟೇಪು. ಡಬ್ಬಿ ಪಾರದರ್ಶಕ ಇದ್ರ ರಾಯಚೂರಣ್ಣ ಹೇಳಿದಂಗ ಕಣ್ಣಿಗೂ ಕಾಣ್ತಾವು.

ಕಡಪ ಕಲ್ಲಿನ ಮ್ಯಾಲ ನೇರ ಇಡಬ್ಯಾಡ್ರಿ. ಬಟ್ ಪ್ಲೇಟು, ಟ್ರಿಗರ್ ಗಾರ್ಡು ಕಲ್ಲಿಗೆ ತಾಗಿದ್ರ ಪೆಟ್ಟು ಬೀಳ್ತೈತಿ, ಸಣ್ಣ ಸ್ಪ್ರಿಂಗು ಬಿದ್ರ ಪುಟದು ಎಲ್ಲೋ ಹೋಗ್ತೈತಿ. 5 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ ಹಾಸ್ರಿ, ಎಣ್ಣಿ ತಡಕೊಳ್ತೈತಿ. ಸಾದಾ ರಬ್ಬರು ಎಣ್ಣಿಗೆ ಉಬ್ಬಿ ಮೆತ್ತಗಾಗ್ತೈತಿ. ರೈಫಲ್ ಹಿಡಿಯಾಕ ಮರದ ಎರಡು ಕವೆ, ಒಳಗ ಫೆಲ್ಟ್ ಅಂಟಿಸಿದ್ದು. ಮುಂದಿನ ಕವೆ ಹಿಂದಿನದಕ್ಕಿಂತ ಒಂದೂವರೆ ಇಂಚು ತಗ್ಗು ಇರಲಿ. ನಳಿಗೆ ಬಾಯಿ ಕೆಳಮುಖ ಇದ್ರ ಸಾಲ್ವೆಂಟು (ಕೊಳಿ ಕರಗಸೋ ದ್ರವ) ಮುಂದಕ್ಕ ಹರಿತೈತಿ. ಹಿಂದಕ್ಕ ಹರದ್ರ ಟ್ರಿಗರಿನೊಳಗ ಇಳಿದು ಅಂಟಾಗ್ತೈತಿ, ಕಟ್ಟಿಗಿ ಸ್ಟಾಕಿನ ಬೆಡ್ಡಿಂಗೂ (ಆಕ್ಷನ್ ಕೂರೋ ಜಾಗ) ಮೆತ್ತಗಾಗ್ತೈತಿ.

ಕೌಲ್‌ಬಜಾರ್ 177
ಬಡಿಗ್ಯಾ ಅಣ್ಣಾ, ಪೈಪಿನ ಐಡಿಯಾ ಬಹಳ ಹಿಡಿಸಿತು. ಬಟ್ಟೆಗೆ ಏನು ಮಾಡಲಿ? ಇಲ್ಲಿ ಜೀನ್ಸ್ ಹೊಲಿಯುವ ಕಡೆ ತುಂಡು ಬಟ್ಟೆ ಬೇಕಾದಷ್ಟು ಸಿಗುತ್ತದೆ.

ರಾಯಚೂರು ಹತ್ತಿ
ಜೀನ್ಸ್ ಬಟ್ಟಿ ನಳಿಗಿಯೊಳಗ ಬ್ಯಾಡ್ರಿ ಅಣ್ಣಾ. ದಪ್ಪ, ಜ್ಯಾಗಿಗೆ ಸುತ್ತಿಕೊಳ್ಳಂಗಿಲ್ಲ, ಸಿಕ್ಕಿಬೀಳ್ತದ. ಇನ್ನೊಂದು, ನೀಲಿ ಬಣ್ಣ ಸಾಲ್ವೆಂಟಿಗೆ ಬಿಡ್ತದ. ಹೊರಗ ಬಂದ ಬಟ್ಟಿ ಬಣ್ಣ ನೋಡೇ ನಾವು ಒಳಗ ಏನದ ಅಂತ ತಿಳಿಯೋದು: ಕಪ್ಪು ಅಂದ್ರ ಮದ್ದಿನ ಮಸಿ, ಬೂದು ಗೆರಿ ಅಂದ್ರ ಸೀಸ, ನೀಲಿ-ಹಸಿರು ಅಂದ್ರ ತಾಮ್ರ. ಬಟ್ಟೀನ ನೀಲಿ ಇದ್ರ ಏನು ಓದ್ತೀರಿ? ಅದನ್ನ ಮೇಜು ಒರಸಾಕ ಇಟ್ಕೊಳ್ರಿ.

ಹಳೆ ಬಿಳಿ ಬನಿಯನ್ನು, ಇಲ್ಲಾ ಫ್ಲಾನೆಲ್. ಹೊಸ ಬಟ್ಟಿ ಇದ್ರ ಗಂಜಿ ಹೋಗೋ ತನಕ ಎರಡು ಸಲ ಬಿಸಿನೀರಾಗ ಒಗೀರಿ. .22ಕ್ಕ ಒಂದಿಂಚು ಚೌಕ, .177ಕ್ಕ ಮುಕ್ಕಾಲು ಇಂಚಿನಿಂದ ಸುರು ಮಾಡ್ರಿ, ದಪ್ಪ ನೋಡಿ ಕತ್ತರಿಸ್ರಿ. ಎರಡು ಬೆರಳಿನ ಒತ್ತಡಕ್ಕ ಒಂದೇ ಸಮ ಹೋಗಬೇಕು. ಅಂಗೈಯಿಂದ ನೂಕಬೇಕಾಗ್ತದ ಅಂದ್ರ ದೊಡ್ಡದಾತು. ನಡುವ ಸಿಕ್ಕಿಬಿದ್ರ ಸುತ್ತಿಗಿ ಮುಟ್ಟಬ್ಯಾಡ್ರಿ. ಇನ್ನೊಂದು ತುದಿಯಿಂದ ನಾಕು ಹನಿ ತೆಳು ಎಣ್ಣಿ ಬಿಟ್ಟು, ಹತ್ತು ನಿಮಿಷ ಬಿಟ್ಟು, ಬಂದ ದಾರಿಯಾಗ ಮೆಲ್ಲಕ ಎಳೀರಿ.

ಲೇತ್ ಮೇಸ್ತ್ರಿ
ಒಂದು ಸೇರಿಸುತ್ತೇನೆ. ಅಮೋನಿಯಾ ಇರುವ ತಾಮ್ರದ ಸಾಲ್ವೆಂಟ್ ಹಾಕಿ ಹಿತ್ತಾಳೆ ಜ್ಯಾಗ್ ಬಳಸಿದರೆ ಜ್ಯಾಗೇ ಕರಗಿ ಬಟ್ಟೆ ನೀಲಿಯಾಗುತ್ತದೆ. ನಳಿಗೆ ಶುದ್ಧವಾಗಿದ್ದರೂ ತಾಮ್ರ ಇದೆ ಎಂದು ಗಂಟೆಗಟ್ಟಲೆ ಉಜ್ಜುತ್ತಾ ಕೂರುತ್ತೀರಿ. ನಿಕಲ್ ಲೇಪದ ಜ್ಯಾಗ್ ಕೊಳ್ಳಿ. ಹಾಗೆ ನೋಡಿದರೆ ಬರೀ ಸೀಸದ ಗುಂಡಿನ .22ಕ್ಕೆ ತಾಮ್ರದ ಸಾಲ್ವೆಂಟ್ ಬೇಕಿಲ್ಲವೇ ಇಲ್ಲ, ಸಾಧಾರಣ ಮದ್ದಿನ ಸಾಲ್ವೆಂಟ್ ಸಾಕು.

.22ರ ಕ್ರಮ: ಮ್ಯಾಗಜೀನ್ ತೆಗೆದು, ಚೇಂಬರ್ (ತೋಟಾ ಕೂರುವ ಗೂಡು) ಕಣ್ಣಿಂದಲೂ ಬೆರಳಿಂದಲೂ ನೋಡಿ, ಬೋಲ್ಟ್ ಹೊರಗಿಡಿ. ಗುಂಡಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬೋರ್ ಗೈಡ್ (ರಾಡನ್ನು ನಳಿಗೆಯ ನಡುವಿಗೆ ನೇರ ಹಿಡಿಯುವ ಕೊಳವೆ) ಕೂರಿಸಿ. ಒಂದು ಒದ್ದೆ ಬಟ್ಟೆ, ಐದು ನಿಮಿಷ ಬಿಡುವು. ಕಂಚಿನ ಬ್ರಷ್ ಐದಾರು ಸಲ, ಪ್ರತಿ ಸಲವೂ ಬಾಯಿಯಿಂದ ಪೂರ್ತಿ ಹೊರಬಂದ ಮೇಲಷ್ಟೇ ಹಿಂದಕ್ಕೆ. ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಮಡಚಿ ಬ್ರಷ್ ಸಾಯುತ್ತದೆ. ಆಮೇಲೆ ಒಣ ಬಟ್ಟೆ, ಬೆಳ್ಳಗೆ ಬರುವವರೆಗೆ ಮೂರೋ ನಾಲ್ಕೋ. ಚೇಂಬರ್ ಮುಗಿಯುವಲ್ಲಿ ಮಸಿ ಗಟ್ಟಿಯಾಗಿ ಉಂಗುರ ಕಟ್ಟುತ್ತದೆ. ಹಳೆ ಬ್ರಷ್ಷಿಗೆ ಒದ್ದೆ ಬಟ್ಟೆ ಸುತ್ತಿ ಅಲ್ಲಿ ಮಾತ್ರ ತಿರುಗಿಸಿ. ತೋಟಾ ಕೂರುವುದು ಬಿಗಿಯಾಗಿದೆ ಎಂದರೆ ಮೊದಲ ಅನುಮಾನ ಅದರ ಮೇಲೆ. ಸಾಲ್ವೆಂಟ್ ಬಾಟಲಿಗೆ ಬ್ರಷ್ ಅದ್ದಬೇಡಿ, ಕೊಳೆಯೆಲ್ಲ ಬಾಟಲಿಗೆ ಸೇರುತ್ತದೆ. ಡ್ರಾಪರಿನಿಂದ ಹನಿ ಹಾಕಿ.

ಗಂಗಾವತಿ ಕಾಲುವೆ
ಬ್ರಷ್ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ ಮೇಸ್ತ್ರಿ. .22ರಲ್ಲಿ ಪ್ರತಿ ಸಲ ಕಂಚಿನ ಬ್ರಷ್ ಯಾಕೆ? ಸೀಸದ ಗುಂಡಿನ ಮೇಣ ನಳಿಗೆಯಲ್ಲಿ ಒಂದು ಸಮ ಪದರ ಕಟ್ಟಿದ ಮೇಲೇ ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬೀಳುವ ಗುಂಪು) ನಿಲ್ಲುವುದು. ಪೂರ್ತಿ ತೊಳೆದರೆ ಮತ್ತೆ ಹತ್ತಿಪ್ಪತ್ತು ಗುಂಡು ಹಾರಿಸಬೇಕು. ನಿತ್ಯದ ಅಭ್ಯಾಸಕ್ಕೆ ಎರಡು ಬಟ್ಟೆ, ಚೇಂಬರಿನ ಉಂಗುರ ಒರೆಸುವುದು, ಅಷ್ಟೇ. ಬ್ರಷ್ಷು ಗ್ರೂಪ್ ಹರಡಿದಾಗ.

ಲೇತ್ ಮೇಸ್ತ್ರಿ
ನಿತ್ಯ ಬ್ರಷ್ ಹಾಕಿ ಎಂದು ನಾನೂ ಹೇಳುವುದಿಲ್ಲ. ಆದರೆ ಗ್ರೂಪ್ ಹರಡುವ ತನಕ ಕಾದರೆ ಉಂಗುರ ಕಲ್ಲಾಗಿರುತ್ತದೆ, ಅದನ್ನು ತೆಗೆಯಲು ದುಪ್ಪಟ್ಟು ಉಜ್ಜಬೇಕು. ಎಷ್ಟು ಗುಂಡಿಗೊಮ್ಮೆ ಎನ್ನುವುದನ್ನು ಆ ನಳಿಗೆಯೇ ಹೇಳಬೇಕು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇರಲಿ: ದಿನಾಂಕ, ಗುಂಡಿನ ಲೆಕ್ಕ, ಬ್ರಷ್ ಹಾಕಿದ್ದು. ಸಾಮಾನಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದು.

ಗಂಗಾವತಿ ಕಾಲುವೆ
ಸರಿ, ಆ ಮಾತಿಗೆ ನಾನೂ ಸೈ. ಈಗ ಏರ್ ರೈಫಲ್. ಅದಕ್ಕೆ ಲೋಹದ ಬ್ರಷ್ಷೇ ಬೇಡ, ಮದ್ದಿನ ಸಾಲ್ವೆಂಟೂ ಬೇಡ. ಫೆಲ್ಟ್ ಪೆಲೆಟ್ (ಒರೆಸಲು ಹಾಕುವ ಫೆಲ್ಟಿನ ತುಂಡು) ಅಥವಾ ಎಳೆಯುವ ದಾರ ಸಾಕು. ಹುಲ್ಲು ಕತ್ತರಿಸುವ ಯಂತ್ರದ 2 ಮಿ.ಮೀ. ನೈಲಾನ್ ತಂತಿ ಒಂದು ಮೀಟರ್ ತಗೊಳ್ಳಿ. ಒಂದು ತುದಿಯನ್ನು ಬೆಂಕಿಗೆ ಹಿಡಿದು 3 ಮಿ.ಮೀ. ಗುಂಡನೆಯ ತಲೆ ಮಾಡಿ, ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ ಬಟ್ಟೆಗೆ ಚುಚ್ಚಿ ಆ ತಲೆಯ ತನಕ ಸರಿಸಿ. ಬ್ರೀಚ್ (ನಳಿಗೆಯ ಹಿಂತುದಿ) ಕಡೆಯಿಂದ ತೂರಿಸಿ ಬಾಯಿ ಕಡೆಗೆ ಎಳೆಯಿರಿ. ನೇರಕ್ಕೆ ಎಳೆಯಬೇಕು. ಓರೆ ಎಳೆದರೆ ತಂತಿ ಕ್ರೌನಿನ (ನಳಿಗೆ ಬಾಯಿಯ ಅಂಚಿನ) ಒಂದೇ ಮಗ್ಗುಲಿಗೆ ಉಜ್ಜುತ್ತದೆ, ಪೆಲೆಟ್ ಹೊರಬೀಳುವ ಕೊನೆಯ ಅಂಚು ಅದೇ.

ಪಿಸಿಪಿಯ ಗಾಳಿ ಹೋಗುವ ಜಾಗಕ್ಕೆ ಪೆಟ್ರೋಲಿಯಂ ಎಣ್ಣೆ, ಗ್ರೀಸ್ ತಾಗಲೇಬಾರದು. 200 ಬಾರ್ ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಲ್ಲದು. ಓ-ರಿಂಗಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗೆ) ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ. ಸಿಲಿಕೋನಿನ ಡಬ್ಬಿಯನ್ನೂ ಗನ್ ಎಣ್ಣೆಯನ್ನೂ ಬೇರೆ ಬೇರೆ ಡ್ರಾದಲ್ಲಿಡಿ, ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ.

ಮಳೆಗಾಲದಲ್ಲಿ ನಮ್ಮ ಕಡೆ ಗದ್ದೆಗೆ ನೀರು ನಿಂತರೆ ಗಾಳಿಯೇ ಒದ್ದೆ. ಒಳಗೆ ಸ್ಪಂಜ್ ಇರುವ ಕೇಸಿನಲ್ಲಿ ರೈಫಲ್ ಇಟ್ಟು ಮರೆಯಬೇಡಿ, ಸ್ಪಂಜ್ ತೇವ ಹಿಡಿದಿಟ್ಟು ತಾಗಿದಲ್ಲೆಲ್ಲ ತುಕ್ಕು ತರುತ್ತದೆ. ಕೈ ಬೆವರಿನ ಗುರುತೂ ಅಷ್ಟೇ ಕೆಟ್ಟದ್ದು. ಬೀರುವಿಗೆ ಹಾಕುವ ಮೊದಲು ಹೊರಮೈಗೆ ಎಣ್ಣೆ ಬಟ್ಟೆಯ ಒಂದು ಕೈ.

ಸಿಂಧನೂರು ಹೊಲ
ನಡುವ ಬಾಯಿ ಹಾಕ್ತೀನಿ. ಬೆಳಿ ಕಾಯಾಕ ಲೈಸೆನ್ಸ್ ಕೊಟ್ಟ ಒಂಟಿ ನಳಿಗಿ ಮದ್ದು ತುಂಬೋ ಬಂದೂಕಿಗೂ ಇದೇ ಸಾಮಾನು ನಡೀತದೇನ್ರಿ?

ಲೇತ್ ಮೇಸ್ತ್ರಿ
ಬೇಡ, ಅದಕ್ಕೆ ಸಾಮಾನೂ ಬೇರೆ, ಕ್ರಮವೂ ಬೇರೆ. ಕರಿಮದ್ದಿನ ಬೂದಿಯಲ್ಲಿ ಉಪ್ಪಿನಂಶ ಇರುತ್ತದೆ, ಗಾಳಿಯ ತೇವ ಎಳೆದು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ಡಾಂಬರಿನಂತೆ ಅಂಟುತ್ತದೆ. ನೀರಿಗೆ ಕರಗುತ್ತದೆ. ಮೊದಲು ತುಂಬಿದೆಯೋ ಇಲ್ಲವೋ ನೋಡಿ: ಖಾಲಿ ನಳಿಗೆಯ ತಳ ಮುಟ್ಟಿದಾಗ ಗಜದ (ಮದ್ದು ಒತ್ತುವ ಕೋಲಿನ) ಮೇಲೆ ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆದಿರಬೇಕು. ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ, ಆಗ ಸ್ವಚ್ಛ ಮಾಡುವ ಮಾತೇ ಬೇಡ, ಬಲ್ಲವರಿಂದ ತೆಗೆಸಿ. ಖಾಲಿ ಎಂದು ಖಾತ್ರಿಯಾದ ಮೇಲೆ ನಿಪ್ಪಲ್ (ಕೇಪು ಕೂರುವ ತಿರುಪಿನ ತುಂಡು) ಬಿಚ್ಚಿ, ಒಂದೆರಡು ಹನಿ ಪಾತ್ರೆ ಸೋಪಿನ ಬಿಸಿನೀರಿನಲ್ಲಿ ಬಟ್ಟೆ ಆಡಿಸಿ. ಕೊನೆಯ ನೀರು ಕುದಿ ಬಿಸಿ ಇರಲಿ, ನಳಿಗೆ ಕಾದು ತಾನೇ ಒಣಗುತ್ತದೆ. ಒಣ ಬಟ್ಟೆ, ಆಮೇಲೆ ಎಣ್ಣೆ.

ಸಂಡೂರು ರಸ್ತೆ
ಕೊಳೆ ಬಟ್ಟೆಯ ವಿಷಯ ಉಳಿಯಿತು. .22ರ ಮಸಿಯಲ್ಲಿ ಸೀಸ ಇರುತ್ತದೆ, ಗುಂಡಿನದ್ದೂ, ಮದ್ದಿಗೆ ಕಿಡಿ ಕೊಡುವ ಪ್ರೈಮರಿನದ್ದೂ. ಮುಚ್ಚಳದ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದ ಹಾಗಿಡಿ. ಮೇಜನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಚಹಾ ಲೋಟ ಆ ಮೇಜಿನ ಮೇಲೆ ಬರಬಾರದು. ಸ್ಟಾಕಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆ ಮಾತ್ರ ಈ ಡಬ್ಬಿಗೆ ಹಾಕಲೇಬೇಡಿ. ಮುದ್ದೆ ಮಾಡಿ ಎಸೆದರೆ ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಒಳಗೇ ಕಾವು ಏರಿ ತಾನೇ ಹೊತ್ತಿಕೊಳ್ಳುತ್ತದೆ, ನಮ್ಮ ಮೇ ತಿಂಗಳ ಬಿಸಿಲಿಗೆ ಇನ್ನೂ ಬೇಗ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕೌಲ್‌ಬಜಾರ್ 177
ಡಬ್ಬಿ ಕಿಟ್ ಕೈಬಿಟ್ಟೆ. .22ಕ್ಕೆ ಒಂದು ಕಾರ್ಬನ್ ರಾಡ್, ಬೋರ್ ಗೈಡ್, ನಿಕಲ್ ಜ್ಯಾಗ್. ಏರ್ ರೈಫಲ್ಲಿಗೆ ತಂತಿ. ಹಾಗಾದರೆ ಪೈಪು ಒಂದೇ ಸಾಕಲ್ಲವೇ ಬಡಿಗ್ಯಾ ಅಣ್ಣಾ?

ಕೊಪ್ಪಳ ಬಡಿಗ್ಯಾ
ಸಾಕ್ರಿ. ತಂತೀನ ಸುತ್ತಿ ಹಸಿರು ಡಬ್ಬಿಯೊಳಗ ಇಡ್ರಿ, ಬಿಗಿ ಸುತ್ತಬ್ಯಾಡ್ರಿ, ಮಡಿಕಿ ಬಿದ್ರ ನೇರ ಬರಂಗಿಲ್ಲ. ಪೈಪು ಗರಗಸದಾಗ ಕತ್ತರಿಸಿದ ಮ್ಯಾಲ ಒಳಗ ಪ್ಲಾಸ್ಟಿಕ್ ಪುಡಿ ಅಂಟಿರ್ತೈತಿ. ಕ್ಯಾಪ್ ಅಂಟಿಸೋ ಮೊದಲು ಅಂಚು ಉಜ್ಜಿ, ನೀರು ಹಾಯಿಸಿ ತೊಳದು, ಪೂರ್ತಿ ಒಣಗಿಸಿ. ಆಮ್ಯಾಲ ರಾಡ್ ಇಳಿಸ್ರಿ.