ಅಂಟಾರ್ಕ್ಟಿಕಾ ಅಂಚೆ ಕಚೇರಿಯ ಸ್ಟಾಂಪ್: ಯಾವುದು ಕೊಳ್ಳಲಿ?

ಡೊಂಬಿವಲಿಯಿಂದ ಪ್ರಶ್ನೆ:
ಎಂಟನೇ ಕ್ಲಾಸಿನ ಮಗಳಿಗೆ ಸ್ಟಾಂಪ್ ಹುಚ್ಚು. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ್ದೂ ಅಂಚೆ ಕಚೇರಿ ಇದೆ ಎಂದು ಎಲ್ಲೋ ಓದಿದ್ದಾಳೆ. ಈಗ ಅದರ ನೆನಪಿನ ಸ್ಟಾಂಪೇ ಬೇಕಂತೆ. ಒಬ್ಬ ವ್ಯಾಪಾರಿ 1983ರ ಸ್ಟಾಂಪ್ ತೋರಿಸಿ "ಇದೇ ಅದು" ಎನ್ನುತ್ತಾರೆ. ರೇಟು ಸ್ವಲ್ಪ ಜಾಸ್ತಿ ಅನ್ನಿಸಿತು. ತಗೊಳ್ಳಲಾ?

ಮಾಟುಂಗಾದಿಂದ:
ಸ್ವಲ್ಪ ತಡೆಯಿರಿ ಅಕ್ಕ. ಆ ಒಂದು ರೂಪಾಯಿ ಸ್ಟಾಂಪ್ ಬಂದದ್ದು ಭಾರತದ ಅಂಟಾರ್ಕ್ಟಿಕಾ ಯಾತ್ರೆಯ ನೆನಪಿಗೆ. ಮೊದಲ ತಂಡ ಗೋವಾದಿಂದ ಹೊರಟದ್ದು 1981ರ ಡಿಸೆಂಬರ್‌ನಲ್ಲಿ. ಅಲ್ಲಿನ ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿಯಲ್ಲಿ ಅಂಚೆ ಕಚೇರಿ ಶುರುವಾದದ್ದು 1984ರಲ್ಲಿ. ವ್ಯಾಪಾರಿ ಹೇಳುವುದು ನಿಜವಾದರೆ ಕೂಸು ಹುಟ್ಟುವ ಮುಂಚೆಯೇ ಕುಲಾವಿ! ಸ್ಟಾಂಪ್ ಚೆನ್ನಾಗಿದೆ, ಆಲ್ಬಮ್‌ನಲ್ಲಿ ಇರಲಿ. ಆದರೆ ಅಂಚೆ ಕಚೇರಿಯ ಹೆಸರಿನಲ್ಲಿ ದುಡ್ಡು ಕೊಡಬೇಡಿ.

ಮೊದಲು ಮಗಳನ್ನು ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದ ಹತ್ತಿರದ ದೊಡ್ಡ ಅಂಚೆ ಕಚೇರಿ ಜಿಪಿಓಗೆ ಕರೆದುಕೊಂಡು ಹೋಗಿ. ಅಲ್ಲಿನ ಫಿಲಾಟೆಲಿ ಬ್ಯೂರೋದಲ್ಲಿ, ಅಂದರೆ ಸ್ಟಾಂಪ್ ಸಂಗ್ರಹಿಸುವವರ ವಿಭಾಗದಲ್ಲಿ, ಹೊಸ ಸ್ಟಾಂಪ್‌ಗಳು ಮುಖಬೆಲೆಗೇ ಸಿಗುತ್ತವೆ. ಹಾಗೇ ತಲೆ ಎತ್ತಿ ಗುಮ್ಮಟ ನೋಡಲು ಹೇಳಿ. 1913ರಲ್ಲಿ ಮುಗಿದ ಆ ಕಟ್ಟಡಕ್ಕೆ ನಮ್ಮ ವಿಜಯಪುರದ ಗೋಲಗುಮ್ಮಟವೇ ಮಾದರಿ.

ವಾಸ್ಕೊದಿಂದ:
ನನ್ನ ಮಾತು ಕೇಳಿದರೆ ಸ್ಟಾಂಪ್ ಬೆನ್ನು ಹತ್ತಬೇಡಿ, ಠಸ್ಸೆ, ಅಂದರೆ ಅಂಚೆ ಮುದ್ರೆಯ ಬೆನ್ನು ಹತ್ತಿ. ಸ್ಟಾಂಪ್ ಲಕ್ಷಗಟ್ಟಲೆ ಅಚ್ಚಾಗುತ್ತದೆ. ಅಂಟಾರ್ಕ್ಟಿಕಾದ ಠಸ್ಸೆ ಬೀಳುವುದು ಅಲ್ಲಿಗೆ ಹೋಗಿ ಬಂದ ಕವರ್ ಮೇಲೆ ಮಾತ್ರ, ಅಲ್ವಾ?

ಆ ಅಂಚೆ ಕಚೇರಿ ಸೇರುವುದು ಗೋವಾ ಅಂಚೆ ವಿಭಾಗಕ್ಕೆ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದು ನಮ್ಮೂರಿನ ಹೆಡ್‌ಲ್ಯಾಂಡ್ ಸಡಾದಲ್ಲಿ. ಪತ್ರಗಳು ಅಲ್ಲಿ ಕೂಡುತ್ತವೆ. ತಂಡ ಹೊರಡುವಾಗ ಯಾರಾದರೂ ವಿಜ್ಞಾನಿ ಕಟ್ಟು ತೆಗೆದುಕೊಂಡು ಹೋಗುತ್ತಾರೆ, ಅಲ್ಲಿ ಠಸ್ಸೆ ಹಾಕಿ ವಾಪಸ್ ತರುತ್ತಾರೆ. ಆಮೇಲೆ ಅಂಚೆಯಲ್ಲಿ ನಿಮ್ಮ ಮನೆಗೆ. ಅಂದರೆ ಕವರ್ ಮೇಲೆ ನಿಮ್ಮದೇ ವಿಳಾಸ ಇರಬೇಕು. ಕಾಯುವ ತಾಳ್ಮೆಯೂ ಬೇಕು, ವರ್ಷಕ್ಕೊಮ್ಮೆ ನಡೆಯುವ ಕೆಲಸ ಅದು.

ಇನ್ನೊಂದು. ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತು ಹೋಗತೊಡಗಿದ್ದರಿಂದ 1990ರಲ್ಲಿ ಅಂಚೆ ಕಚೇರಿ ನಮ್ಮ ಇನ್ನೊಂದು ನೆಲೆ ಮೈತ್ರಿಗೆ ಹೋಯಿತು. 2024ರ ಏಪ್ರಿಲ್ 5ರಂದು ಭಾರತಿ ನೆಲೆಯಲ್ಲೂ ಒಂದು ತೆರೆದರು, ಪ್ರಯೋಗಕ್ಕೆಂದು ಎಂಎಚ್-1718 ಎಂಬ ಪಿನ್ ಕೊಟ್ಟು. ಎರಡಕ್ಕೂ ನಡುವೆ ಸುಮಾರು 3,000 ಕಿಲೋಮೀಟರ್. ಹಾಗಾಗಿ ಯಾವ ನೆಲೆಯ ಠಸ್ಸೆ ಬೇಕು ಎಂದು ಮೊದಲೇ ತೀರ್ಮಾನಿಸಿ. ಈ ಸಲ ಪತ್ರ ತೆಗೆದುಕೊಳ್ಳುತ್ತಾರಾ, ಎಷ್ಟು ಬೆಲೆಯ ಸ್ಟಾಂಪ್ ಹಚ್ಚಬೇಕು ಎಂದು ಪಣಜಿ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿಯೇ ಕಳಿಸಿ. "ಹಳೆಯ ದಕ್ಷಿಣ ಗಂಗೋತ್ರಿ ಕವರ್" ಎಂದು ಯಾರಾದರೂ ಮಾರಿದರೆ ಠಸ್ಸೆಯ ತಾರೀಕು ನೋಡಿ. ಮೈತ್ರಿಗೆ ಹೋದ ನಂತರದ ತಾರೀಕಾದರೆ ಪ್ರಶ್ನೆ ಕೇಳಿ.

ಪುಣೆಯಿಂದ:
ಪೆಂಗ್ವಿನ್ ಇಷ್ಟವಾದರೆ ಅಂಟಾರ್ಕ್ಟಿಕಾದಲ್ಲೇ ಬ್ರಿಟಿಷರ ಪೋರ್ಟ್ ಲಾಕ್ರಾಯ್ ಕೂಡ ಇದೆ. 1944ರ ನೆಲೆ, ಈಗ ಮ್ಯೂಸಿಯಂ ಮತ್ತು ಅಂಚೆ ಕಚೇರಿ. ಅಲ್ಲಿನ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಕಾರ್ಡು ಫಾಕ್‌ಲ್ಯಾಂಡ್ ದ್ವೀಪ ಸುತ್ತಿ ಬ್ರಿಟನ್ ಮೂಲಕ ಬರುತ್ತದೆ. ಆದರೆ ಹಡಗಿನಲ್ಲಿ ಹೋಗುವ ಪರಿಚಯದವರು ಬೇಕು, ಅದೇ ಕಷ್ಟ.

ಡೊಂಬಿವಲಿಯಿಂದ:
ಸರಿ, ವ್ಯಾಪಾರಿಗೆ ಬೇಡ ಅಂದೆ. ಮಗಳ ಹತ್ತಿರ 2009ರ "ಧ್ರುವ ಪ್ರದೇಶ ಉಳಿಸಿ" ಮಿನಿಯೇಚರ್ ಶೀಟ್ (ಸ್ಟಾಂಪ್‌ಗಳಿರುವ ಪುಟ್ಟ ಚಿತ್ರದ ಹಾಳೆ) ಇದೆ. ಅದರಿಂದ ಸ್ಟಾಂಪ್ ಹರಿದು ಕವರ್‌ಗೆ ಹಚ್ಚುತ್ತೇನೆ ಎನ್ನುತ್ತಾಳೆ.

ಮಾಟುಂಗಾದಿಂದ:
ಅಯ್ಯೋ, ಹರಿಯಬೇಡಿ! ಇನ್ನೊಂದು ಶೀಟ್ ಸಿಕ್ಕರೆ ಅದನ್ನು ಬಳಸಲಿ. ಕವರನ್ನು ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ. ಮತ್ತೊಂದು, ನಮ್ಮ ಮಳೆಗಾಲದಲ್ಲಿ ಅಂಟು ಕರಗಿ ಸ್ಟಾಂಪ್ ಪುಟಕ್ಕೆ ಅಂಟಿಕೊಳ್ಳುತ್ತದೆ. ಆಲ್ಬಮ್ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.