ಹೊಸ ಕಟಿಂಗ್ ಮ್ಯಾಟ್ ತಗೋಬೇಕು, ಯಾವುದು ನೋಡಲಿ?

ಆರು ವರ್ಷದಿಂದ ಬಟ್ಟೆ ಕತ್ತರಿಸುವಾಗ ಕೆಳಗೆ ಹಾಸುವ ಒಂದೇ ಎ3 ಮ್ಯಾಟ್‌ನಲ್ಲಿ ಕಾಲ ತಳ್ಳಿದ್ದೇನೆ. ನಡುವೆ ಬ್ಲೇಡ್ ಓಡಿ ಓಡಿ ಕಾಲುವೆ ಬಿದ್ದಿದೆ. ಒಂದು ಮೂಲೆ ಮೇಲಕ್ಕೆದ್ದಿದೆ, ಗೆರೆಗಳು ಅರ್ಧಕ್ಕರ್ಧ ಅಳಿಸಿಹೋಗಿವೆ. ಮೊದಲು ಚೀಲ, ದಿಂಬಿನ ಕವರ್ ಅಷ್ಟೇ ಹೊಲಿಯುತ್ತಿದ್ದೆ. ಈಗ ಕ್ವಿಲ್ಟಿಂಗ್, ಅಂದರೆ ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವ ಹುಚ್ಚು ಹಿಡಿದಿದೆ. ಎಷ್ಟು ದೊಡ್ಡದು ಬೇಕು? ಸೆಲ್ಫ್ ಹೀಲಿಂಗ್, ಗೀರು ತಾನೇ ಕೂಡಿಕೊಳ್ಳುತ್ತದೆ ಅನ್ನುವುದು ನಿಜವೇ, ಸುಮ್ನೆ ಹೆಸರೇ? ಇಂಚೋ ಸೆಂಟಿಮೀಟರೋ? ಬಳಸಿದವರು ಹೇಳಿ.

*

ಮೊದಲು ಅಳತೆ ನೋಡಿ, ಬೇರೆಲ್ಲ ಆಮೇಲೆ. ಕ್ವಿಲ್ಟಿಂಗ್ ಕಾಟನ್ ಸಾಮಾನ್ಯವಾಗಿ 42ರಿಂದ 44 ಇಂಚು ಪನ್ನ ಇರುತ್ತದೆ. ಅಂಚಿಗೆ ಅಂಚು ಸೇರಿಸಿ ಒಂದು ಸಲ ಮಡಚಿದರೆ 22 ಇಂಚು. ಅದನ್ನು ಒಂದೇ ಎಳೆತಕ್ಕೆ ಕತ್ತರಿಸಬೇಕಾದರೆ ಮ್ಯಾಟಿನ ಒಂದು ಬದಿಯಾದರೂ 24 ಇಂಚು ಇರಬೇಕು. ನಿಮ್ಮ ಎ3ಯ ಉದ್ದನೆಯ ಬದಿ 42 ಸೆಂ.ಮೀ., ಅಂದರೆ ಹದಿನಾರೂವರೆ ಇಂಚು. ಹಾಗಾಗಿ ಬಟ್ಟೆಯನ್ನು ಇನ್ನೊಂದು ಸಲ ಮಡಚುತ್ತಿದ್ದಿರಿ, ಅಲ್ವಾ? ನಾಲ್ಕು ಪದರದಲ್ಲಿ ಮಡಿಕೆ ಒಂಚೂರು ವಾರೆಯಾದರೂ ಸಾಕು. ಪಟ್ಟಿ ಬಿಚ್ಚಿದಾಗ ಮಡಿಕೆ ಇದ್ದಲ್ಲೆಲ್ಲ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಸೊಟ್ಟ ಕಾಣುತ್ತದೆ. 24×36 ಇಂಚಿನದು ಬಂದ ಮೇಲೆ ನನಗೆ ಆ ತಲೆನೋವು ತಪ್ಪಿತು. ಎ1 ಅಂತ ಸಿಗುವುದೂ ಹೆಚ್ಚುಕಮ್ಮಿ ಅಷ್ಟೇ, 59.4×84.1 ಸೆಂ.ಮೀ.

*

ದೊಡ್ಡದು ಸರಿ, ಆದರೆ ಟೇಬಲ್ ಅಳೆದುಕೊಂಡು ತಗೊಳ್ಳಿ. ನಾನು ಆಸೆಗೆ ಬಿದ್ದು 24×36 ತಂದೆ. ಟೇಬಲ್ ಅಗಲ 20 ಇಂಚು! ನಾಲ್ಕು ಇಂಚು ಹೊರಗೆ ಜೋತಾಡುತ್ತಿತ್ತು. ಎರಡು ತಿಂಗಳಲ್ಲಿ ಆ ಅಂಚು ಬಾಗಿ ಹಾಗೇ ನಿಂತುಬಿಟ್ಟಿತು.

*

ನನ್ನ ಮಾತು ಸ್ವಲ್ಪ ಬೇರೆ. ಜಾಗ ಕಡಿಮೆ ಇದ್ದರೆ ಎ2 ಸಾಕು. ಉದ್ದ 59.4 ಸೆಂ.ಮೀ., 23 ಇಂಚು ಚಿಲ್ಲರೆ. 22 ಇಂಚಿನ ಮಡಿಕೆ ಹಿಡಿಸುತ್ತದೆ, ಬಿಗಿಯಾಗಿ. ಉಳಿದ ದುಡ್ಡಿಗೆ 12 ಇಂಚಿನ ತಿರುಗುವ ಮ್ಯಾಟ್ ತಗೊಳ್ಳಿ. ಬ್ಲಾಕ್‌ನ (ತುಂಡು ಜೋಡಿಸಿ ಹೊಲಿದ ಚೌಕದ) ನಾಲ್ಕೂ ಅಂಚು ಟ್ರಿಮ್ ಮಾಡುವಾಗ ಬಟ್ಟೆ ಎತ್ತುವ ಹಾಗಿಲ್ಲ, ಎತ್ತಿದರೆ ಅಳತೆ ಕದಲುತ್ತದೆ. ಇಲ್ಲಿ ಮ್ಯಾಟನ್ನೇ ತಿರುಗಿಸಿದರಾಯಿತು. ಇದಿಲ್ಲದಿದ್ದಾಗ ನಾನೇ ಟೇಬಲ್ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ.

*

ಸೆಲ್ಫ್ ಹೀಲಿಂಗ್ ಬಗ್ಗೆ ಕೇಳಿದ್ದೀರಿ. ಹೆಸರು ಸುಳ್ಳಲ್ಲ, ಆದರೆ ಗಾಯ ಮಾಯುವ ಹಾಗೆ ಏನೂ ಬೆಳೆಯುವುದಿಲ್ಲ. ಮೇಲ್ಪದರ ಮೆತ್ತನೆಯ ಪಿವಿಸಿ. ಚೂಪು ಬ್ಲೇಡ್ ಅದನ್ನು ಕೆರೆದು ತೆಗೆಯುವುದಿಲ್ಲ, ಬರೀ ಸೀಳಿಕೊಂಡು ಹೋಗುತ್ತದೆ. ಬ್ಲೇಡ್ ದಾಟಿದ ಮೇಲೆ ಎರಡೂ ಕಡೆ ಮತ್ತೆ ಒತ್ತಿಕೊಂಡು ಕೂಡುತ್ತದೆ. ಈಗ ಯೋಚಿಸಿ, ಬ್ಲೇಡ್ ಮೊಂಡಾದರೆ ಏನು ಮಾಡುತ್ತೇವೆ? ಜೋರಾಗಿ ಒತ್ತುತ್ತೇವೆ. ಆಗ ಮೇಲ್ಪದರ ದಾಟಿ ಆಳಕ್ಕೆ ಇಳಿಯುತ್ತದೆ, ಅದು ಕೂಡುವುದಿಲ್ಲ. ನಿಮ್ಮ ಕಾಲುವೆ ಹುಟ್ಟಿದ್ದು ಹೀಗೆ ಅಂತ ನನ್ನ ಗುಮಾನಿ. ಬ್ಲೇಡ್ ಬದಲಿಸಲು ಜಿಪುಣತನ ಮಾಡಿ ನಾನೂ ಒಂದು ಒಳ್ಳೆಯ ಮ್ಯಾಟ್ ಹಾಳು ಮಾಡಿದ್ದೇನೆ.

ಇನ್ನೊಂದು ಕಾರಣ, ಯಾವಾಗಲೂ ಒಂದೇ ಗೆರೆಯ ಮೇಲೆ ಕತ್ತರಿಸುವುದು. ವಾರಕ್ಕೊಮ್ಮೆ ಮ್ಯಾಟನ್ನು ಅರ್ಧ ಸುತ್ತು ತಿರುಗಿಸಿಡಿ. ಪೇಪರ್ ಕತ್ತರಿಸುವ ಚಾಕುವನ್ನು ಅದೇ ಮುಖದ ಮೇಲೆ ಬಳಸಬೇಡಿ, ಅದರ ಮೊನೆ ನೇರ ಒಳಗೆ ಚುಚ್ಚುತ್ತದೆ. ಎರಡು ಮುಖದ್ದಾದರೆ ಒಂದನ್ನು ಬಟ್ಟೆಗೆ, ಇನ್ನೊಂದನ್ನು ಪೇಪರಿಗೆ ಮೀಸಲಿಡಿ. ಅಲೆ ಅಲೆಯಾಗಿ ಕತ್ತರಿಸುವ ಅಲಂಕಾರದ ಬ್ಲೇಡ್ ಮ್ಯಾಟನ್ನು ಇನ್ನೂ ಜಾಸ್ತಿ ತಿನ್ನುತ್ತದೆ.

ತೆಳ್ಳಗಿನ, ಗಟ್ಟಿ ಪ್ಲಾಸ್ಟಿಕ್ ಹಾಳೆಯಂಥವೂ ಸಿಗುತ್ತವೆ. ಹಗುರ, ಅಗ್ಗ. ಆದರೆ ಬಿದ್ದ ಗೀರು ಬಿದ್ದಂತೆಯೇ ಉಳಿಯುತ್ತದೆ, ಬ್ಲೇಡೂ ಬೇಗ ಮೊಂಡಾಗುತ್ತದೆ. ಗಾಜಿನ ಮೇಲೆ ರೋಟರಿ ಕಟರ್ (ಉರುಳುವ ದುಂಡು ಬ್ಲೇಡಿನ ಕಟರ್) ಓಡಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ರೋಟರಿ ಕಟರನ್ನು ಜಪಾನಿನ ಓಲ್ಫಾ ಕಂಪನಿ ಹೊರತಂದದ್ದು 1979ರಲ್ಲಿ. ಅದಕ್ಕೂ ಮುಂಚೆ ಕತ್ತರಿಯಲ್ಲೇ ಎಲ್ಲರೂ ಕ್ವಿಲ್ಟ್ ಮಾಡುತ್ತಿದ್ದರಲ್ಲ, ಆಗ ಈ ಮ್ಯಾಟಿನ ಚಿಂತೆಯೇ ಇರಲಿಲ್ಲ!

*

ಇಂಚು, ಸೆಂಟಿಮೀಟರು: ನಿಮ್ಮ ಪ್ಯಾಟರ್ನ್ ಯಾವುದರಲ್ಲಿದೆಯೋ ಅದು. ಕ್ವಿಲ್ಟಿಂಗ್‌ನಲ್ಲಿ ಇಂಚೇ ಜಾಸ್ತಿ, ಹೊಲಿಗೆಗೆ ಪ್ರತಿ ಅಂಚಿನಲ್ಲೂ ಕಾಲು ಇಂಚು ಬಿಡುವುದು ರೂಢಿ. ಎರಡು ಇಂಚಿನ ಚೌಕ ಬೇಕಾದರೆ ಎರಡೂವರೆ ಇಂಚು ಕತ್ತರಿಸಬೇಕು. ಸೆಂಟಿಮೀಟರ್ ಮ್ಯಾಟ್ ಮೇಲೆ ಅದು 6.35. ಎಲ್ಲಿ ಅಂತ ಹುಡುಕುತ್ತೀರಿ? ಎರಡನ್ನೂ ಬೆರೆಸಬೇಡಿ. ಒಂದೊಂದು ತುಂಡಿನಲ್ಲಿ 1 ಮಿ.ಮೀ. ತಪ್ಪಿದರೂ ಹನ್ನೆರಡು ತುಂಡು ಜೋಡಿಸುವಷ್ಟರಲ್ಲಿ ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ.

*

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಮ್ಯಾಟಿನ ಗೆರೆಯನ್ನು ನಂಬಿ ಅಳೆಯಲೇಬಾರದು. ನನ್ನ ಒಂದು ಮ್ಯಾಟ್‌ನಲ್ಲಿ 20 ಇಂಚಿಗೆ ಎರಡು ಮಿ.ಮೀ. ಹೆಚ್ಚಿತ್ತು. ಗೊತ್ತಾಗುವಷ್ಟರಲ್ಲಿ ಒಂದು ಇಡೀ ಬಾರ್ಡರ್ ಕತ್ತರಿಸಿಯಾಗಿತ್ತು. ಅಳತೆಗೆ ಅಕ್ರಿಲಿಕ್ ಸ್ಕೇಲ್, ಬಟ್ಟೆ ನೇರ ಇಡುವುದಕ್ಕೆ ಮ್ಯಾಟಿನ ಗೆರೆ. ಹೊಸದು ತಂದ ದಿನವೇ ಸ್ಕೇಲ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಹೋಲಿಸಿ ನೋಡಿ. ತಪ್ಪಿದ್ದರೆ ವಾಪಸ್ ಕೊಡಿ.

*

ಎದ್ದ ಮೂಲೆಯ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿ ತಾಗಿರಬೇಕು. ನಾನು ಒಮ್ಮೆ ಅವಸರದಲ್ಲಿ ಮ್ಯಾಟ್ ಮೇಲೆಯೇ ಸೀಮ್ ಇಸ್ತ್ರಿ ಮಾಡಿದೆ. ನಡುವೆ ಬಟ್ಟೆ ಇತ್ತಲ್ಲ, ಏನಾಗುತ್ತದೆ ಅನ್ನುವ ಧೈರ್ಯ. ಇಸ್ತ್ರಿ ಪೆಟ್ಟಿಗೆ ಆಕಾರದಲ್ಲೇ ಉಬ್ಬು ಬಂತು. ಇಸ್ತ್ರಿ ಬೇಡ, ಬಿಸಿ ಲೋಟ ಬೇಡ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಬರುವುದಂತೂ ಬೇಡವೇ ಬೇಡ. ಸುರುಳಿ ಸುತ್ತಿ ಕಳಿಸುವ ಅಂಗಡಿಯಿಂದ ತರಿಸಬೇಡಿ. ಇಡುವಾಗ ಮಂಚದ ಕೆಳಗೆ ಚಪ್ಪಟೆಯಾಗಿ ಇಡಿ, ಇಲ್ಲವೇ ಗೋಡೆಗೆ ನೇರ ತೂಗುಹಾಕಿ. ಓರೆಯಾಗಿ ಒರಗಿಸಿದರೆ ಬಾಗುತ್ತದೆ. ಸ್ವಲ್ಪ ಬಾಗಿದ್ದನ್ನು ಬೆಚ್ಚಗೆ ಮಾಡಿ ಮೇಲೆ ಪುಸ್ತಕದ ಭಾರ ಹೇರಿ ಸರಿ ಮಾಡಲು ನೋಡಬಹುದು. ನನ್ನದು ಮುಕ್ಕಾಲು ಪಾಲು ಸರಿಹೋಯಿತು, ಪೂರ್ತಿ ಇಲ್ಲ.

*

ಬಣ್ಣವನ್ನೂ ನೋಡಿ. ಕಡು ಹಸಿರು ಮ್ಯಾಟ್ ಮೇಲೆ ಕಪ್ಪು ಬಟ್ಟೆ ಇಟ್ಟರೆ ಅಂಚು ಎಲ್ಲಿದೆ ಅಂತ ಕಾಣುವುದೇ ಇಲ್ಲ. ಒಂದು ಮುಖ ತಿಳಿ, ಇನ್ನೊಂದು ಮುಖ ಗಾಢ ಇರುವುದು ಒಳ್ಳೆಯದು. ಗೀರಿನಲ್ಲಿ ಜುಂಗು ಸಿಕ್ಕಿಕೊಂಡರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಬ್ಯಾಟಿಂಗ್ (ಕ್ವಿಲ್ಟ್ ಒಳಗೆ ಹಾಕುವ ಹತ್ತಿಯಂಥ ಪದರ) ಕತ್ತರಿಸಿದ ಮೇಲೆ ಇದು ಮಾಡಲೇಬೇಕು. ತಿಂಗಳಿಗೊಮ್ಮೆ ತಣ್ಣೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಒರೆಸಿದರೆ ಸಾಕು.

*

ಎಲ್ಲರಿಗೂ ಥ್ಯಾಂಕ್ಸ್. ಟೇಬಲ್ ಅಳೆದೆ, 26×48 ಇಂಚು ಇದೆ. 24×36, ಎರಡು ಬಣ್ಣದ್ದು, ಇಂಚಿನದು ಅಂತ ತೀರ್ಮಾನ ಮಾಡಿದೆ. ತಿರುಗುವ ಮ್ಯಾಟ್ ಮುಂದಿನ ಸಲ. ಮೂಲೆ ಎದ್ದದ್ದು ಇಸ್ತ್ರಿಯಿಂದಲೇ, ಒಪ್ಪಿಕೊಂಡೆ. ಹಳೆಯದನ್ನು ಎಸೆಯಲೇ?

*

ಎಸೆಯಬೇಡಿ. ಕಾಲುವೆ ಇಲ್ಲದ ಕಡೆ ಒಂದು ಗೇಣಿನಷ್ಟು ತುಂಡು ಮಾಡಿಕೊಂಡು ಮೆಷಿನ್ ಪಕ್ಕ ಇಟ್ಟುಕೊಳ್ಳಿ. ಹೊಲಿಯುತ್ತಾ ಹೊಲಿಯುತ್ತಾ ಸಣ್ಣ ಚೂರು ಟ್ರಿಮ್ ಮಾಡಲು ಏಳಬೇಕಾಗಿಲ್ಲ. ರೋಟರಿ ಕಟರ್‌ನಲ್ಲಿ ಕತ್ತರಿಸಲು ಹೋಗಬೇಡಿ. ಸ್ಟೀಲ್ ಸ್ಕೇಲ್ ಹಿಡಿದು ಗಟ್ಟಿ ಚಾಕುವಿನಿಂದ ಒಂದೇ ಗೆರೆಯ ಮೇಲೆ ಹತ್ತಾರು ಸಲ ಗೀರಿ, ನಿಧಾನಕ್ಕೆ. ಕೆಳಗೆ ಹಲಗೆ ಇಟ್ಟುಕೊಳ್ಳಿ, ಹೊಸ ಮ್ಯಾಟ್ ಅಲ್ಲ!