ಬಿಲ್ ಇದ್ದರೆ ತೆರಿಗೆ ಕಳ್ಳತನ ನಿಲ್ಲುತ್ತಾ?

ಪ್ರಶ್ನೆ: ಮೇಡಂ, ಅಭಿವೃದ್ಧಿಶೀಲ ದೇಶಗಳಲ್ಲಿ ವ್ಯಾಟ್ (ಮಾರಾಟದ ಪ್ರತಿ ಹಂತದಲ್ಲೂ ಕಟ್ಟುವ ಮೌಲ್ಯವರ್ಧಿತ ತೆರಿಗೆ) ಬಂದರೆ ತೆರಿಗೆ ಕಳ್ಳತನ ತಾನಾಗಿಯೇ ಕಮ್ಮಿ ಆಗುತ್ತೆ ಅಂತ ಓದಿದ್ದೆ. ನಿಜವಾ? ದಂಡ, ದಾಳಿ ಏನೂ ಬೇಡವಾ?

ಉತ್ತರ: ಅರ್ಧ ನಿಜ. ಅರ್ಥಶಾಸ್ತ್ರಜ್ಞೆ ಡೀನಾ ಪೊಮೆರಾನ್ಜ್ ಇದನ್ನೇ ಚಿಲಿಯಲ್ಲಿ ಪರೀಕ್ಷಿಸಿದರು. 4,45,000ಕ್ಕೂ ಹೆಚ್ಚು ಸಂಸ್ಥೆಗಳ ಮೇಲೆ ನಡೆದ ಪ್ರಯೋಗ, 2015ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಸಂಸ್ಥೆಗಳಿಗೆ ತೆರಿಗೆ ಇಲಾಖೆ 'ನಿಮ್ಮ ಲೆಕ್ಕ ತಪಾಸಣೆ ಆಗಬಹುದು' ಎಂದು ಪತ್ರ ಕಳಿಸಿತು. ಪತ್ರ ಕಂಡು ಹೆದರಿ ಹೆಚ್ಚು ತೆರಿಗೆ ಕಟ್ಟಿದ್ದು ಮುಖ್ಯವಾಗಿ ಗ್ರಾಹಕರಿಗೆ ನೇರವಾಗಿ ಮಾರುವ ಕಡೆ. ಸಂಸ್ಥೆಗಳ ನಡುವಿನ ವ್ಯವಹಾರದಲ್ಲಿ ಪರಿಣಾಮ ತುಂಬಾ ಕಡಿಮೆ. ಅಲ್ಲಿ ಕೊಳ್ಳುವವನೇ ಬಿಲ್ ಕೇಳಿ ಇಟ್ಟುಕೊಳ್ಳುತ್ತಾನೆ, ಅದನ್ನು ತೋರಿಸಿದರೆ ತಾನು ಕಟ್ಟುವ ತೆರಿಗೆಯಲ್ಲಿ ಅಷ್ಟು ವಜಾ ಆಗುತ್ತೆ. ಹಾಗಾಗಿ ಮಾರಾಟ ಮುಚ್ಚಿಡುವುದು ಮೊದಲೇ ಕಷ್ಟ. ಕೊನೆಯ ಗ್ರಾಹಕನಿಗೆ ಬಿಲ್‌ನಿಂದ ಏನೂ ಸಿಗಲ್ಲ, ಸುಮ್ನೆ ಹೋಗಿಬಿಡುತ್ತಾನೆ. ಬಿಲ್‌ಗಳ ಸರಪಳಿ ತುಂಡಾಗುವುದು ಅಲ್ಲೇ.

ಪ್ರಶ್ನೆ: ಹಾಗಾದರೆ ಗ್ರಾಹಕನಿಗೂ ಏನಾದರೂ ಕೊಟ್ಟರೆ ಆಯ್ತಲ್ವಾ?

ಉತ್ತರ: ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ 2007ರಲ್ಲಿ ಅದನ್ನೇ ಮಾಡಿತು. ಬಿಲ್ ಮೇಲೆ ತನ್ನ ತೆರಿಗೆ ನಂಬರ್ ಬರೆಸಿದ ಗ್ರಾಹಕನಿಗೆ ಅಂಗಡಿ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ವಾಪಸ್, ಜೊತೆಗೆ ಲಾಟರಿ. ಅರ್ಥಶಾಸ್ತ್ರಜ್ಞೆ ಜೊಆನಾ ನರಿತೋಮಿ ಅಧ್ಯಯನದ ಪ್ರಕಾರ ನಾಲ್ಕು ವರ್ಷಗಳಲ್ಲಿ ಚಿಲ್ಲರೆ ಅಂಗಡಿಗಳು ತೋರಿಸಿದ ಮಾರಾಟ ಶೇ. 21ರಷ್ಟಾದರೂ ಏರಿತು. ಈ ಐಡಿಯಾ ನನಗೆ ಇಷ್ಟ. ಪ್ರತಿ ಅಂಗಡಿ ಮುಂದೆ ಅಧಿಕಾರಿಯನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗಲ್ಲ.

ಪ್ರಶ್ನೆ: ಎಲ್ಲ ಮಾಹಿತಿ ಇಲಾಖೆಯ ಕಂಪ್ಯೂಟರ್‌ಗೇ ಬಂದರೆ ಕಥೆ ಮುಗೀತು ಬಿಡಿ!

ಉತ್ತರ: ಇಲ್ಲ ಸರ್, ಈಕ್ವೆಡಾರ್ ಕಥೆ ಕೇಳಿ. ಇದು ವ್ಯಾಟ್ ಅಲ್ಲ, ಆದಾಯದಲ್ಲಿ ಖರ್ಚು ಕಳೆದು ಉಳಿದ ಲಾಭದ ಮೇಲೆ ಸಂಸ್ಥೆಗಳು ಕಟ್ಟುವ ತೆರಿಗೆ. ಸಂಸ್ಥೆ ಹೇಳಿದ ಆದಾಯಕ್ಕೂ ಬೇರೆಯವರಿಂದ ಬಂದ ಮಾಹಿತಿಗೂ ತಾಳೆ ಆಗದ ಕಡೆ ಇಲಾಖೆ ನೋಟಿಸ್ ಕಳಿಸಿತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲೇ ಇಲ್ಲ. ಲೆಕ್ಕ ತಿದ್ದಿದವರು ಆದಾಯ ಏರಿಸಿದರು, ಜೊತೆಗೆ ಖರ್ಚನ್ನೂ ಏರಿಸಿದರು. ಏರಿಸಿದ ಪ್ರತಿ ಒಂದು ಡಾಲರ್ ಆದಾಯಕ್ಕೆ 96 ಸೆಂಟ್ ಹೆಚ್ಚುವರಿ ಖರ್ಚು! ಅರ್ಥಶಾಸ್ತ್ರಜ್ಞರಾದ ಕಾರಿಯೋ, ಪೊಮೆರಾನ್ಜ್, ಸಿಂಘಾಲ್ ಇದನ್ನು 2017ರಲ್ಲಿ ಪ್ರಕಟಿಸಿದರು. ಖರ್ಚಿಗೂ ಅಷ್ಟೇ ಗಟ್ಟಿ ಸಾಕ್ಷಿ ಇಲ್ಲದಿದ್ದರೆ ಕಳ್ಳತನ ಈ ಕಾಲಂನಿಂದ ಆ ಕಾಲಂಗೆ ಹಾರುತ್ತೆ. ನಾನು ಅಧಿಕಾರಿಯಾಗಿದ್ದರೆ ನೋಟಿಸ್ ಕಳಿಸುವ ಮುಂಚೆ ಖರ್ಚಿನ ಬಿಲ್‌ಗಳನ್ನು ತಾಳೆ ನೋಡುವ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆ.